ಟಿಕೆಟ್ ಬಂಡಲ್, ವೇ ಬಿಲ್, ಕ್ಲೋಸಿಂಗ್ ನಂಬರ್: ಬಿಟಿಎಸ್ ಕಾಲದಲ್ಲಿ ಕಂಡಕ್ಟರ್ ಲೆಕ್ಕ ಹೇಗೆ ನಡೀತಿತ್ತು

ಶಕ್ತಿ ಯೋಜನೆ ಶುರುವಾದ ಮೇಲೆ, ಅಂದ್ರೆ 2023ರ ಜೂನ್ 11ರಿಂದ ಈಚೆಗೆ, ಬಸ್ಸಲ್ಲಿ ಒಂದು ಪ್ರಶ್ನೆ ತುಂಬಾ ಕೇಳಿಬರ್ತಿದೆ. ಹೆಂಗಸ್ರಿಗೆ ಫ್ರೀ ಅಂದ ಮೇಲೆ ಆ ಸೊನ್ನೆ ರೂಪಾಯಿ ಟಿಕೆಟ್ ಯಾಕೆ, ಅಷ್ಟು ರಶ್ಶಲ್ಲಿ ನುಗ್ಗಿಕೊಂಡು ಬಂದು ಒಬ್ಬೊಬ್ರಿಗೂ ಅದನ್ನ ಕೊಡೋದ್ಯಾಕೆ, ತಗೊಳ್ದೆ ಇದ್ರೆ ಕಂಡಕ್ಟರ್ ಗದರೋದ್ಯಾಕೆ? ಚಿಕ್ಕ ಉತ್ತರ ಏನಂದ್ರೆ, ಆ ಪ್ರಯಾಣದ ದುಡ್ಡನ್ನ ಸರ್ಕಾರ ಸಾರಿಗೆ ನಿಗಮಕ್ಕೆ ಕೊಡ್ಬೇಕು, ಎಷ್ಟು ಕೊಡ್ಬೇಕು ಅನ್ನೋ ಲೆಕ್ಕ ಆ ಟಿಕೆಟ್‌ನಿಂದಾನೇ ಬರತ್ತೆ, ಜೊತೆಗೆ ಟಿಕೆಟ್ ಇಲ್ದೆ ಯಾರಾದ್ರೂ ಚೆಕಿಂಗಲ್ಲಿ ಸಿಕ್ರೆ ಮೊದ್ಲು ಉತ್ತರ ಹೇಳ್ಬೇಕಾದೋರು ಕಂಡಕ್ಟರ್.

ಆದ್ರೆ ಒಂದು ಕಾಗದದ ಚೂರಿಗೆ ಇಷ್ಟೊಂದು ತೂಕ ಹೇಗೆ ಬಂತು ಅನ್ನೋದು ಅರ್ಥ ಆಗ್ಬೇಕು ಅಂದ್ರೆ ಟಿಕೆಟ್ ಮೆಷಿನ್ ಬರೋಕ್ ಮುಂಚಿನ ಕಾಲಕ್ಕೆ ಹೋಗ್ಬೇಕು. ನಾನು 80ರ ದಶಕದ ಕೊನೇ ಭಾಗದಲ್ಲಿ ಬೆಂಗಳೂರಿನ ಸಿಟಿ ಬಸ್ಸಲ್ಲಿ ಕಂಡಕ್ಟರ್ ಕೆಲ್ಸಕ್ಕೆ ಸೇರ್ದೋನು, ಹೆಚ್ಚು ಕೆಲ್ಸ ಮಾಡಿದ್ದು ಊರಾಚೆಗೆ ಹೋಗೋ ಸಬರ್ಬನ್ ರೂಟುಗಳಲ್ಲಿ. ಆಗ ನಮ್ ಕೈಲಿ ಇದ್ದಿದ್ದು ಕಾಗದದ ಟಿಕೆಟ್ಟು, ಟಿಕೆಟ್ಟಿಗೆ ತೂತು ಹಾಕೋ ಒಂದು ಪಂಚು, ಒಂದು ಸೀಟಿ, ಒಂದು ಚರ್ಮದ ಬ್ಯಾಗು, ಒಂದು ಪೆನ್ನು. ಇಷ್ಟರಲ್ಲೇ ಬಸ್ಸಿನ ಪ್ರತಿ ಪೈಸೆ ಲೆಕ್ಕ ಯಾವ ಕ್ಷಣದಲ್ಲಿ ಬೇಕಾದ್ರೂ ತಾಳೆ ನೋಡೋ ಹಾಗೆ ಇಡ್ತಿದ್ವಿ. ಅದು ಹೇಗೆ ಅಂತ ಈಗಿನ ಹುಡುಗ್ರಿಗೆ ಗೊತ್ತಿಲ್ಲ, ಹೊಸದಾಗಿ ಸೇರಿರೋ ಕೆಲವು ಕಂಡಕ್ಟರುಗಳಿಗೂ ಗೊತ್ತಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಬಿಟಿಎಸ್ ಅಂದ್ರೆ ಯಾವ್ದು

ಮೊದ್ಲು ಹೆಸ್ರುಗಳು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಒಂದು ಖಾಸಗಿ ಕಂಪನಿ ಶುರುವಾಯ್ತು, 1956ರಲ್ಲಿ ಅದನ್ನ ಸರ್ಕಾರ ವಹಿಸ್ಕೊಂಡ್ತು, ಆಗ ಆಗಿದ್ದೇ ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಬಿಟಿಎಸ್. 1961ರಲ್ಲಿ ರಾಜ್ಯದ ಸಾರಿಗೆ ನಿಗಮ ಆದಾಗ ಬಿಟಿಎಸ್ಸು ಅದರ ಕೆಳಗೆ ಬಂತು. 1997ರ ಆಗಸ್ಟ್ 15ಕ್ಕೆ ಬೆಂಗಳೂರು ಬಸ್ಸುಗಳನ್ನ ಬೇರೆ ಮಾಡಿ ಬಿಎಂಟಿಸಿ ಅಂತ ಸ್ವತಂತ್ರ ನಿಗಮ ಮಾಡಿದ್ರು. ಹಾಗಾಗಿ ಈ ಲೇಖನದಲ್ಲಿ ಬಿಟಿಎಸ್ ಅಂದ್ರೆ 1997ಕ್ಕಿಂತ ಮುಂಚಿನ ಬೆಂಗಳೂರು ಸಿಟಿ ಬಸ್ ಅಂತ ಅರ್ಥ ಮಾಡ್ಕೊಂಡ್ರೆ ಸಾಕು. ರಜನಿಕಾಂತ್ ಸಿನಿಮಾಕ್ಕೆ ಹೋಗೋಕ್ ಮುಂಚೆ ಕಂಡಕ್ಟರ್ ಆಗಿದ್ದಿದ್ದೂ ಇದೇ ಬಿಟಿಎಸ್ಸಲ್ಲೇ.

ಸಬರ್ಬನ್ ಅನ್ನೋದು ಆಗ ಈಗಿನ ಹಾಗಲ್ಲ. ಇವತ್ತು ಮಾರತ್‌ಹಳ್ಳಿ ಅಂದ್ರೆ ಬೆಂಗಳೂರಿನ ನಡುಮಧ್ಯ ಅನ್ನೋ ಹಾಗೆ ಮಾತಾಡ್ತಾರೆ, ಆಗ ಎಚ್‌ಎಎಲ್ ದಾಟಿದ್ರೆ ಹೊಲ, ಕೆರೆ, ತೋಪು, ಮಧ್ಯದಲ್ಲಿ ಒಂದೊಂದು ಹಳ್ಳಿ. ಮೆಜೆಸ್ಟಿಕ್ಕಿಂದ ಕಾಡುಗೋಡಿಗೆ ಹೋಗೋ 335ಇ ಇರ್ಬೋದು, ಬನ್ನೇರುಘಟ್ಟಕ್ಕೆ ಹೋಗೋ 365 ಇರ್ಬೋದು, ಹೆಸರಘಟ್ಟ, ತಾವರೆಕೆರೆ, ಆನೇಕಲ್ ಕಡೆ ಬಸ್ಸುಗಳಿರ್ಬೋದು, ಇವೆಲ್ಲ ಅರ್ಧ ದಾರಿ ಸಿಟಿ ಬಸ್ಸು ಇನ್ನರ್ಧ ದಾರಿ ಹಳ್ಳಿ ಬಸ್ಸು. ಬೆಳಿಗ್ಗೆ ಊರೊಳಗೆ ಬರುವಾಗ ಹೂವಿನ ಪುಟ್ಟಿ, ಸೊಪ್ಪಿನ ಮೂಟೆ, ಹಾಲಿನ ಕ್ಯಾನು, ಜೊತೆಗೆ ಎಚ್‌ಎಎಲ್ಲು, ಐಟಿಐ, ಬಿಇಎಲ್ಲು, ಎಚ್‌ಎಂಟಿ ಅಂತ ಫ್ಯಾಕ್ಟರಿ ಶಿಫ್ಟಿಗೆ ಹೋಗೋರು. ಒಂದೇ ಬಸ್ಸಲ್ಲಿ ಫುಲ್ ಟಿಕೆಟ್ಟು, ಮಕ್ಕಳ ಹಾಫ್ ಟಿಕೆಟ್ಟು, ಲಗೇಜ್ ಟಿಕೆಟ್ಟು, ಪಾಸು ಎಲ್ಲಾ ಇರ್ತಿತ್ತು. ಊರೊಳಗಿನ ರೂಟಲ್ಲಿ ಟ್ರಿಪ್ಪು ಬೇಗ ಮುಗಿಯತ್ತೆ, ದರಾನೂ ಎರಡು ಮೂರು ತರ ಅಷ್ಟೇ. ಸಬರ್ಬನ್ನಲ್ಲಿ ಟ್ರಿಪ್ ಉದ್ದ, ದರ ಹತ್ತಾರು ತರ, ಅದಕ್ಕೇ ಅಲ್ಲಿ ಲೆಕ್ಕ ಕಷ್ಟ.

ಡ್ಯೂಟಿ ಶುರುವಾಗ್ತಿದ್ದಿದ್ದು ಡಿಪೋ ಕಿಟಕಿ ಮುಂದೆ

ಕಂಡಕ್ಟರ್ ಆಗ್ಬೇಕು ಅಂದ್ರೆ ಆರ್‌ಟಿಒ ಕೊಡೋ ಕಂಡಕ್ಟರ್ ಲೈಸೆನ್ಸ್ ಬೇಕು, ಅದರ ಜೊತೆ ಎದೆ ಮೇಲೆ ಹಾಕ್ಕೊಳ್ಳೋ ನಂಬರ್ ಇರೋ ಬ್ಯಾಡ್ಜು. ಇದು ಈಗ್ಲೂ ಇದೆ. ಲೈಸೆನ್ಸಿಗೆ 18 ವರ್ಷ ಆಗಿರ್ಬೇಕು ಅನ್ನೋದು ಮೋಟಾರು ವಾಹನ ಕಾಯ್ದೆಯಲ್ಲೇ ಇದೆ.

ಬೆಳಗಿನ ಜಾವ ಡಿಪೋಗೆ ಹೋದ್ರೆ ಮೊದ್ಲು ಯಾವ ರೂಟು, ಯಾವ ಬಸ್ಸು, ಡ್ರೈವರ್ ಯಾರು ಅಂತ ನೋಡ್ಕೋಬೇಕು. ಆಮೇಲೆ ಫಾರ್ಮ್ ಫೋರ್ ಅಂತ ಒಂದು ಹಾಳೆ. ಬಸ್ಸು ಎಷ್ಟು ಗಂಟೆಗೆ ಡಿಪೋ ಬಿಡ್ಬೇಕು, ಎಲ್ಲಿಂದ ಎಷ್ಟು ಗಂಟೆಗೆ ಹೊರಡ್ಬೇಕು, ಎಲ್ಲಿಗೆ ಎಷ್ಟು ಗಂಟೆಗೆ ಸೇರ್ಬೇಕು, ಊಟಕ್ಕೆ ಎಲ್ಲಿ ಎಷ್ಟು ನಿಮಿಷ, ಇಡೀ ದಿನದ ಟೈಂಟೇಬಲ್ ಅದರಲ್ಲಿರತ್ತೆ.

ನಂತರ ಟಿಕೆಟ್ ಕೌಂಟರು. ಅಲ್ಲಿ ಟಿಕೆಟ್ ಬಂಡಲ್‌ಗಳು ಮತ್ತೆ ವೇ ಬಿಲ್ ಕೊಡ್ತಿದ್ರು. ಟಿಕೆಟ್ ಅಂದ್ರೆ ಒಂದೊಂದು ದರಕ್ಕೆ ಒಂದೊಂದು ಬಣ್ಣದ ಸಣ್ಣ ಕಾಗದ, ಪ್ರತಿಯೊಂದರ ಮೇಲೂ ಕ್ರಮವಾಗಿ ಒಂದು ನಂಬರ್ ಪ್ರಿಂಟ್ ಆಗಿರತ್ತೆ, ಅಂಚಲ್ಲಿ ಸ್ಟೇಜ್ ನಂಬರುಗಳು, ಅಂದ್ರೆ ದರದ ಲೆಕ್ಕಕ್ಕೆ ರೂಟನ್ನ ಮಾಡಿರೋ ತುಂಡುಗಳ ನಂಬರುಗಳು ಇರತ್ತೆ. ವೇ ಬಿಲ್ ಅಂದ್ರೆ ಆ ದಿನದ ಲೆಕ್ಕದ ಹಾಳೆ. ಅದರಲ್ಲಿ ಮೊದ್ಲು ಬರೀಬೇಕಾದ್ದು ಪ್ರತಿ ದರದ ಟಿಕೆಟ್ಟಿನ ಓಪನಿಂಗ್ ನಂಬರ್, ಅಂದ್ರೆ ಬಂಡಲ್‌ನ ಮೇಲಿರೋ, ಇನ್ನೂ ಮಾರಿಲ್ದೇ ಇರೋ ಟಿಕೆಟ್ಟಿನ ನಂಬರು.

ಇನ್ನೊಂದು ವಿಷ್ಯ ಬಹಳ ಜನಕ್ಕೆ ಗೊತ್ತಿಲ್ಲ. ಕಂಡಕ್ಟರ್ ತನ್ನ ಜೇಬಲ್ಲಿರೋ ಸ್ವಂತ ದುಡ್ಡು ಎಷ್ಟು ಅಂತಾನೂ ವೇ ಬಿಲ್ಲಲ್ಲಿ ಬರೀಬೇಕು, ಟೀ ಕಾಸು, ಮನೆಗೆ ಸಾಮಾನು ತರೋಕೆ ಇಟ್ಕೊಂಡಿರೋ ನೋಟು, ಏನಿದ್ರೂ. ಯಾಕಂದ್ರೆ ದಾರಿಯಲ್ಲಿ ಯಾರಾದ್ರೂ ಚೆಕ್ ಮಾಡಿದಾಗ ಬ್ಯಾಗು ಜೇಬು ಎರಡೂ ಎಣಿಸ್ತಾರೆ, ಟಿಕೆಟ್ ಮಾರಿದ ದುಡ್ಡು ಪ್ಲಸ್ ಬರೆದಿರೋ ಸ್ವಂತ ದುಡ್ಡು, ಇವೆರಡು ಸೇರಿ ಎಷ್ಟಾಗತ್ತೋ ಅಷ್ಟೇ ಇರ್ಬೇಕು. ಬೆಳಿಗ್ಗೆ ಬರೆಯೋಕೆ ಮರೆತ್ರೆ ಆ ದುಡ್ಡು ನಿಮ್ದೇ ಅಂತ ಆಮೇಲೆ ಹೇಳಿ ಒಪ್ಪಿಸೋದು ಬಲು ಕಷ್ಟ.

ನಂಬರ್ ಲೆಕ್ಕ ಅಂದ್ರೇನು

ಇಡೀ ವ್ಯವಸ್ಥೆ ನಿಂತಿರೋದು ಇದರ ಮೇಲೇನೇ, ಹಾಗಾಗಿ ನಿಧಾನಕ್ಕೆ ಹೇಳ್ತೀನಿ.

ಮನೇಲಿ ಕರೆಂಟ್ ಮೀಟರ್ ಓದೋ ಹಾಗೆ ಅಂತ ಅನ್ಕೊಳ್ಳಿ. ಈ ತಿಂಗಳ ರೀಡಿಂಗಲ್ಲಿ ಹೋದ ತಿಂಗಳ ರೀಡಿಂಗ್ ಕಳೆದ್ರೆ ಎಷ್ಟು ಯೂನಿಟ್ ಉರೀತು ಅಂತ ಗೊತ್ತಾಗತ್ತೆ, ದಿನಾ ಎಷ್ಟೊತ್ತು ಬಲ್ಬ್ ಹಾಕಿದ್ರಿ ಅಂತ ಯಾರೂ ಬರೆದಿಡ್ಬೇಕಾಗಿಲ್ಲ. ಟಿಕೆಟ್ ನಂಬರೂ ಅದೇ ಕೆಲ್ಸ ಮಾಡತ್ತೆ.

ಒಂದು ಉದಾಹರಣೆ ತಗೊಳ್ಳೋಣ. ಟ್ರಿಪ್ ಶುರುವಿನಲ್ಲಿ 50 ಪೈಸೆ ಟಿಕೆಟ್ ಬಂಡಲ್ ಮೇಲಿರೋ ನಂಬರು 215. ಟ್ರಿಪ್ ಮುಗಿದಾಗ ಮೇಲಿರೋದು 268. ಅಂದ್ರೆ 53 ಟಿಕೆಟ್ ಹೋಗಿದೆ, 26 ರೂಪಾಯಿ 50 ಪೈಸೆ. 1 ರೂಪಾಯಿ ಟಿಕೆಟ್ 740ರಿಂದ 781ಕ್ಕೆ ಬಂದಿದೆ, 41 ಟಿಕೆಟ್, 41 ರೂಪಾಯಿ. 2 ರೂಪಾಯಿದು 102ರಿಂದ 119, ಅಂದ್ರೆ 17 ಟಿಕೆಟ್, 34 ರೂಪಾಯಿ. ಒಟ್ಟು 101 ರೂಪಾಯಿ 50 ಪೈಸೆ. ಬೆಳಿಗ್ಗೆ ಸ್ವಂತ ದುಡ್ಡು 10 ರೂಪಾಯಿ ಅಂತ ಬರೆದಿದ್ರೆ ಕಂಡಕ್ಟರ್ ಹತ್ರ ಈಗ 111 ರೂಪಾಯಿ 50 ಪೈಸೆ ಇರ್ಬೇಕು, ಹೆಚ್ಚೂ ಇರಂಗಿಲ್ಲ ಕಮ್ಮೀನೂ ಇರಂಗಿಲ್ಲ.

ಕೊನೇಲಿ ಮೇಲಿರೋ ನಂಬರಿಗೆ ಕ್ಲೋಸಿಂಗ್ ನಂಬರ್ ಅಂತಾರೆ, ಅದನ್ನ ವೇ ಬಿಲ್ಲಲ್ಲಿ ಬರೆಯೋದಕ್ಕೆ ನಾವು ನಂಬರ್ ಹಾಕೋದು, ಕ್ಲೋಸ್ ಮಾಡೋದು ಅಂತಿದ್ವಿ. ಈ ಟ್ರಿಪ್ಪಿನ ಕ್ಲೋಸಿಂಗೇ ಮುಂದಿನ ಟ್ರಿಪ್ಪಿನ ಓಪನಿಂಗು. ನಾನು ಮೊದಮೊದಲು ಇದನ್ನ ನೋಡಿದಾಗ ಎಷ್ಟು ಸರಳವಾಗಿ ಮಾಡಿದಾರಲ್ಲ ಅಂತ ಆಶ್ಚರ್ಯ ಆಗಿತ್ತು, ಈಗ್ಲೂ ಹಾಗೇ ಅನ್ಸತ್ತೆ. ಯಾರು ಯಾರಿಗೆ ಟಿಕೆಟ್ ಕೊಟ್ರು ಅನ್ನೋ ಒಂದು ಅಕ್ಷರಾನೂ ಬರೀದೇನೇ ಇಡೀ ಬಸ್ಸಿನ ಹಣದ ಲೆಕ್ಕ ಸಿಗತ್ತೆ.

ಆದ್ರೆ ಎಲ್ಲಾ ದರಕ್ಕೂ ಬೇರೆ ಬೇರೆ ಟಿಕೆಟ್ ಪ್ರಿಂಟ್ ಆಗಿರ್ತಿರ್ಲಿಲ್ಲ. 1 ರೂಪಾಯಿ 75 ಪೈಸೆ ಆದ್ರೆ ಒಂದು ರೂಪಾಯಿದೊಂದು 75 ಪೈಸೆದೊಂದು ಸೇರ್ಸಿ ಹರಿದು ಕೊಡ್ಬೇಕು. ಮನೆಯೋರೆಲ್ಲ ಬಂದು ಮೂರು ಫುಲ್ಲು ಎರಡು ಹಾಫು ಒಂದು ಲಗೇಜು ಅಂದ್ರೆ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡ್ಕೊಂಡು ಬೆರಳ ಸಂದಿಯಲ್ಲಿ ನೋಟು ಮಡಚಿಟ್ಕೊಂಡು ಬಸ್ಸು ಗುಂಡಿಗೆ ಬಿದ್ದು ಎದ್ದಾಗ ಮೈ ತೂಗಿಸ್ಕೊಂಡು ಅಷ್ಟೂ ಟಿಕೆಟ್ ಸರಿಯಾಗಿ ಹರಿದು ಪಂಚ್ ಮಾಡಿ ಬಾಕಿ ಚಿಲ್ರೆ ಲೆಕ್ಕ ಹಾಕ್ಬೇಕು, ಅಷ್ಟರಲ್ಲಿ ಹಿಂದಿನೋರು ಸಾರ್ ನಂದೂ ನಂದೂ ಅಂತ ಕೈ ಚಾಚಿರ್ತಾರೆ. ಎರಡು ಟಿಕೆಟ್ ಅಂಟ್ಕೊಂಡು ಒಟ್ಟಿಗೆ ಹೋದ್ರೆ ಆ ದುಡ್ಡು ನಮ್ ಕೈಯಿಂದಾನೇ. ಮಳೆಗಾಲದಲ್ಲಿ ಕಾಗದ ಮೆತ್ತಗಾಗಿ ಅಂಟೋದು ಜಾಸ್ತಿ, ಅದಕ್ಕೇ ಹಳಬರು ಬಂಡಲ್‌ಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಹಾಕಿ ಒಂದೊಂದೇ ಎಳೆಯೋದನ್ನ ಹೊಸಬರಿಗೆ ಹೇಳ್ಕೊಡ್ತಿದ್ರು.

ಸ್ಟೇಜ್, ಮತ್ತೆ ಬಸ್ಸು ಸುಮ್ನೆ ದಾರೀಲಿ ನಿಲ್ತಿದ್ದಿದ್ದು ಯಾಕೆ

ಸ್ಟೇಜ್ ಅಂದ್ರೆ ದರದ ಲೆಕ್ಕಕ್ಕೆ ರೂಟನ್ನ ತುಂಡು ತುಂಡು ಮಾಡೋದು. ಒಂದು ಸ್ಟೇಜು ಸುಮಾರು 2 ಕಿಲೋಮೀಟರ್. ಸ್ಟಾಪು ಬೇರೆ, ಸ್ಟೇಜು ಬೇರೆ. ಒಂದು ಸ್ಟೇಜೊಳಗೆ ಎರಡು ಮೂರು ಸ್ಟಾಪ್ ಇರ್ಬೋದು. ದರ ಏರೋದು ಸ್ಟೇಜ್ ದಾಟಿದಾಗ. ಎಲ್ಲಿಂದ ಎಲ್ಲಿಗೆ ಎಷ್ಟು ಅಂತ ತ್ರಿಕೋನದ ಆಕಾರದಲ್ಲಿ ಒಂದು ದರಪಟ್ಟಿ ಇರ್ತಿತ್ತು, ಮೇಲಿಂದ ಕೆಳಕ್ಕೆ ಒಂದು ಊರು, ಪಕ್ಕಕ್ಕೆ ಇನ್ನೊಂದು ಊರು, ಎರಡೂ ಸೇರೋ ಮನೆಯಲ್ಲಿ ದರ. ಒಂದು ವಾರ ಅದೇ ರೂಟಲ್ಲಿ ಹೋದ್ರೆ ಪಟ್ಟಿ ತೆಗೆಯೋ ಕೆಲ್ಸಾನೇ ಇರ್ತಿರ್ಲಿಲ್ಲ, ಬಾಯಿಗೇ ಬಂದಿರ್ತಿತ್ತು.

ಟಿಕೆಟ್ಟಿನ ಅಂಚಲ್ಲಿ ಸ್ಟೇಜ್ ನಂಬರ್ ಇರತ್ತೆ ಅಂದ್ನಲ್ಲ, ಪ್ರಯಾಣಿಕ ಯಾವ ಸ್ಟೇಜಲ್ಲಿ ಹತ್ತಿದ್ರೋ ಆ ನಂಬರಿನ ಮೇಲೆ ಪಂಚ್ ಮಾಡ್ಬೇಕು. ಹತ್ತಿದ ಜಾಗ ಗೊತ್ತು, ಕೊಟ್ಟ ದುಡ್ಡು ಗೊತ್ತು, ಹಾಗಿದ್ಮೇಲೆ ಎಲ್ಲಿವರೆಗೆ ಆ ಟಿಕೆಟ್ ನಡೆಯತ್ತೆ ಅನ್ನೋದು ತಾನಾಗೇ ಗೊತ್ತಾಗತ್ತೆ. ಮಾರತ್‌ಹಳ್ಳಿಗೆ ಟಿಕೆಟ್ ತಗೊಂಡು ಕುಂದಲಹಳ್ಳಿ ಗೇಟ್‌ವರೆಗೆ ಕೂತಿದ್ರೆ ಟಿಕೆಟ್ ನೋಡಿದ ಕೂಡ್ಲೇ ಹಿಡೀಬೋದು. ಪಂಚ್ ಆದ ಟಿಕೆಟ್ಟನ್ನ ಇನ್ನೊಬ್ರಿಗೆ ಮತ್ತೆ ಮಾರೋಕೂ ಆಗಲ್ಲ.

ಈಗ ಆ ಪ್ರಶ್ನೆ. ಆ ಕಾಲದಲ್ಲಿ ಬಸ್ಸಲ್ಲಿ ಓಡಾಡಿದೋರಿಗೆ ಇದು ನೆನಪಿರತ್ತೆ, ಸ್ಟಾಪೂ ಇಲ್ಲ ಸಿಗ್ನಲ್ಲೂ ಇಲ್ಲ, ಬಸ್ಸು ರೋಡ್ ಪಕ್ಕ ನಿಂತ್ಬಿಡೋದು, ಎಲ್ರೂ ಯಾಕ್ರೀ ನಿಲ್ಸಿದ್ರಿ ಲೇಟಾಗತ್ತೆ ಅಂತ ಕೂಗೋರು. ಕಾರಣ ಇಷ್ಟೇ, ಮುಂದೆ ಸ್ಟೇಜ್ ಬರ್ತಿದೆ, ಕಂಡಕ್ಟರ್ ಇನ್ನೂ ಟಿಕೆಟ್ ಕೊಟ್ಟು ಮುಗಿಸಿಲ್ಲ. ಸ್ಟೇಜ್ ದಾಟೋದ್ರೊಳಗೆ ಹತ್ತಿದೋರಿಗೆಲ್ಲ ಟಿಕೆಟ್ ಕೊಟ್ಟು ವೇ ಬಿಲ್ಲಲ್ಲಿ ಅಲ್ಲಿವರೆಗಿನ ನಂಬರ್ ಹಾಕಿರ್ಬೇಕು. ಮುಗಿಸ್ದೇ ದಾಟಿದ್ರೆ, ಅಲ್ಲೇ ಚೆಕಿಂಗ್ ನಿಂತಿದ್ರೆ, ರಶ್ ಇತ್ತು ಸಾರ್ ಅನ್ನೋ ಮಾತು ಬರವಣಿಗೆಯಲ್ಲಿ ಎಲ್ಲೂ ಇರಲ್ಲ, ಟಿಕೆಟ್ ಇಲ್ದೆ ಇಷ್ಟು ಜನ ಸಿಕ್ರು ಅನ್ನೋದು ಮಾತ್ರ ಇರತ್ತೆ. ಹಾಗಾಗಿ ಒಳ್ಳೆ ಡ್ರೈವರ್ ಆದ್ರೆ ಕನ್ನಡೀಲಿ ಹಿಂದೆ ನೋಡ್ಕೊಂಡು, ಇವನಿಗೆ ಇನ್ನೂ ಮುಗಿದಿಲ್ಲ ಅಂತ ತಿಳ್ಕೊಂಡು ತಾನೇ ನಿಧಾನ ಮಾಡೋನು. ಡ್ರೈವರ್ ಕಂಡಕ್ಟರ್ ಜೋಡಿ ಹೊಂದ್ಕೊಂಡಿದ್ರೆ ಇಡೀ ದಿನ ಹಗುರ, ಇಲ್ಲಾಂದ್ರೆ ಅದೇ ರೂಟು ನರಕ ಆಗ್ಬಿಡತ್ತೆ.

ಸೀಟಿ, ಎರಡು ಬಾಗ್ಲು, ಕೈಯಿಂದ ಕೈಗೆ ದುಡ್ಡು

ಬಸ್ಸಿಗೆ ಎರಡು ಬಾಗ್ಲು, ಮುಂದಿನದ್ರಲ್ಲಿ ಹೆಂಗಸ್ರು, ಹಿಂದಿನದ್ರಲ್ಲಿ ಗಂಡಸ್ರು. ಕಂಡಕ್ಟರ್ ಒಬ್ನೇ. ಡ್ರೈವರಿಗೆ ಹಿಂದಿನ ಬಾಗ್ಲಲ್ಲಿ ಏನಾಗ್ತಿದೆ ಅಂತ ಸರಿಯಾಗಿ ಕಾಣಲ್ಲ, ಎಂಜಿನ್ ಮುಂದೇನೇ ಇದ್ದಿದ್ರಿಂದ ಆ ಸದ್ದಲ್ಲಿ ಮಾತೂ ಕೇಳಲ್ಲ. ಅದಕ್ಕೇ ಸೀಟಿ. ಒಂದು ಸಲ ಊದಿದ್ರೆ ನಿಲ್ಸು, ಎರಡು ಸಲ ಊದಿದ್ರೆ ಹೊರಡು. ಬಾಯಲ್ಲಿ ಹೇಳೋದಾದ್ರೆ ಹೋಲ್ಡಾನ್, ರೈಟ್ ರೈಟ್. ತಪ್ಪು ಹೊತ್ತಲ್ಲಿ ರೈಟ್ ಅಂದ್ರೆ ಯಾರದ್ದಾದ್ರೂ ಕಾಲು ಹೋಗತ್ತೆ, ಹಾಗಾಗಿ ಲೆಕ್ಕ ಎಷ್ಟೇ ತಲೆ ಮೇಲಿದ್ರೂ ಸ್ಟಾಪಲ್ಲಿ ಕಣ್ಣು ಬಾಗ್ಲ ಮೇಲೇ ಇರ್ಬೇಕಿತ್ತು.

ರಶ್ಶಲ್ಲಿ ಹಿಂದಿನ ಬಾಗ್ಲಿಂದ ಮುಂದಕ್ಕೆ ಹೋಗೋಕೇ ಆಗ್ತಿರ್ಲಿಲ್ಲ. ಆಗ ಏನ್ ಮಾಡ್ತಿದ್ರು ಅಂದ್ರೆ ಮುಂದಿರೋ ಹೆಂಗಸ್ರು ದುಡ್ಡನ್ನ ಪಕ್ಕದೋರ ಕೈಗೆ ಕೊಟ್ಟು ಕಾರ್ಪೊರೇಷನ್ ಒಂದು, ದೊಮ್ಮಲೂರು ಎರಡು ಅಂತ ಹೇಳೋರು, ಅದು ಕೈಯಿಂದ ಕೈಗೆ ದಾಟ್ಕೊಂಡು ನಮ್ ಹತ್ರ ಬರೋದು, ಟಿಕೆಟ್ಟೂ ಚಿಲ್ರೆನೂ ಅದೇ ದಾರೀಲಿ ವಾಪಸ್ ಹೋಗೋದು. ಒಬ್ರಿಗೊಬ್ರು ಮುಖ ಪರಿಚಯ ಇಲ್ದೇ ಇರೋ ಅಷ್ಟು ಜನರ ಕೈ ದಾಟಿ ಹೋದ ದುಡ್ಡು ಸರಿಯಾಗಿ ಸೇರ್ತಿತ್ತು. ಬೆಂಗಳೂರಿನ ಬಗ್ಗೆ ನಂಗೆ ಇವತ್ತಿಗೂ ಅಭಿಮಾನ ಇರೋದಕ್ಕೆ ಇದೂ ಒಂದು ಕಾರಣ.

ಚೆಕಿಂಗ್ ಹೇಗೆ ಮಾಡ್ತಿದ್ರು

ದಾರಿ ಮಧ್ಯೆ ತನಿಖೆಯೋರು ಬಸ್ ನಿಲ್ಲಿಸ್ತಾರೆ. ಮೊದ್ಲು ಮಾಡೋ ಕೆಲ್ಸ ವೇ ಬಿಲ್ಲು ಮತ್ತೆ ಟಿಕೆಟ್ ಬಂಡಲ್ ಕೈಗೆ ತಗೊಳ್ಳೋದು, ಯಾಕಂದ್ರೆ ಅದಾದ ಮೇಲೆ ಕಂಡಕ್ಟರ್ ಒಂದು ಟಿಕೆಟ್ಟೂ ಹರಿಯೋಕಾಗಲ್ಲ. ಆಮೇಲೆ ಬಸ್ಸಲ್ಲಿರೋ ತಲೆ ಎಣಿಸ್ತಾರೆ, ಟಿಕೆಟ್ ಇರೋರೆಷ್ಟು, ಪಾಸ್ ಇರೋರೆಷ್ಟು, ಎರಡೂ ಇಲ್ದೆ ಇರೋರೆಷ್ಟು. 62 ಜನ ಇದ್ದಾರೆ, 51 ಜನರ ಹತ್ರ ಟಿಕೆಟ್, 9 ಜನರ ಹತ್ರ ಪಾಸ್ ಅಂದ್ರೆ ಇನ್ನಿಬ್ರ ಕಥೆ ಏನು ಅಂತ ಕೇಳ್ತಾರೆ.

ಇಲ್ಲೊಂದು ಮುಖ್ಯ ವ್ಯತ್ಯಾಸ ಇದೆ. ಆ ಇಬ್ರು ದುಡ್ಡೇ ಕೊಟ್ಟಿಲ್ಲ, ಟಿಕೆಟ್ಟೂ ತಗೊಂಡಿಲ್ಲ ಅನ್ನೋದು ಒಂದು. ದುಡ್ಡು ಕೊಟ್ಟಿದಾರೆ, ಕಂಡಕ್ಟರ್ ಟಿಕೆಟ್ ಕೊಟ್ಟಿಲ್ಲ ಅನ್ನೋದು ಇನ್ನೊಂದು. ಮೊದಲನೇದ್ರಲ್ಲಿ ಪ್ರಯಾಣಿಕರದ್ದೂ ತಪ್ಪಿದೆ, ಟಿಕೆಟ್ ಇಲ್ದೆ ಪ್ರಯಾಣ ಮಾಡೋದು ಕಾನೂನು ಪ್ರಕಾರವೇ ಅಪರಾಧ, 1988ರ ಮೋಟಾರು ವಾಹನ ಕಾಯ್ದೆಯ 178ನೇ ಸೆಕ್ಷನ್‌ನಲ್ಲಿ ಅದಕ್ಕೆ 500 ರೂಪಾಯಿವರೆಗೆ ದಂಡ ಇದೆ. ಎರಡನೇದು ಮಾತ್ರ ಕಂಡಕ್ಟರ್ ಕೆಲ್ಸಕ್ಕೇ ಕುತ್ತು. ಆಗ ಬ್ಯಾಗಿನ ದುಡ್ಡು ಎಣಿಸ್ತಾರೆ, ನಂಬರ್ ಲೆಕ್ಕಕ್ಕಿಂತ ಹೆಚ್ಚಿದ್ರೆ ಅದು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಬರತ್ತೆ. ಬೆಳಿಗ್ಗೆ ಸ್ವಂತ ದುಡ್ಡು ಬರೆದಿಟ್ಟಿರ್ಬೇಕು ಅಂದಿದ್ದು ಇದಕ್ಕೇ.

ಸಬರ್ಬನ್ ಬಸ್ಸಲ್ಲಿ ಈ ಎರಡನೇ ತರದ್ದು ಹೇಗೆ ಶುರುವಾಗ್ತಿತ್ತು ಅಂದ್ರೆ, ಪ್ರಯಾಣಿಕರೇ ಕೇಳೋರು. ದರ 2 ರೂಪಾಯಿ ಇದ್ರೆ ಒಂದು ರೂಪಾಯಿ ಕೊಟ್ಟು ಟಿಕೆಟ್ ಬೇಡ ಬಿಡಿ ಸಾರ್ ಅನ್ನೋರು. ಅವರಿಗೆ ಒಂದು ರೂಪಾಯಿ ಉಳೀತು, ಕಂಡಕ್ಟರ್ ಜೇಬಿಗೆ ಒಂದು ರೂಪಾಯಿ ಬಂತು, ಸಂಸ್ಥೆಗೆ ಎರಡು ರೂಪಾಯೀನೂ ನಷ್ಟ ಆಯ್ತು. ಹಾಗೆ ಮಾಡಿದೋರು ಇದ್ರು, ಇರ್ಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ದಿನಾ ನೂರಾರು ಸಲ ಆ ಮಾತು ಕೇಳಿಸ್ಕೊಂಡೂ ಟಿಕೆಟ್ ಹರಿದು ಕೈಗೆ ಕೊಟ್ಟೋರೇ ಹೆಚ್ಚು, ಅವರ ಬಗ್ಗೆ ಯಾರೂ ಮಾತಾಡಲ್ಲ.

ಕೆಲವೇ ರೂಪಾಯಿ ವಿಷ್ಯಕ್ಕೆ ಕೆಲ್ಸದಿಂದಾನೇ ತೆಗೀತಾರಾ ಅಂತ ಈಗ್ಲೂ ಕೇಳ್ತಾರೆ. ತೆಗೀಬೋದು. ನಮ್ಮ ರಾಜ್ಯದ್ದೇ ಒಂದು ಕಂಡಕ್ಟರ್ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಕಂಡಕ್ಟರ್ ಹುದ್ದೆ ನಂಬಿಕೆಯ ಹುದ್ದೆ, ಜನರ ಹತ್ರ ದುಡ್ಡು ತಗೊಂಡು ಸರಿಯಾದ ಟಿಕೆಟ್ ಕೊಡದೇ ಇರೋದು ಗಂಭೀರ ದುರ್ನಡತೆ ಅಂತ. ಅದಕ್ಕೂ ಮುಂಚೆ 1977ರಲ್ಲಿ ಹರಿಯಾಣದ ಒಂದು ಬಸ್ ಕಂಡಕ್ಟರ್ ಕೇಸಲ್ಲಿ ಅದೇ ಕೋರ್ಟು, ಇಲಾಖಾ ವಿಚಾರಣೆಗೆ ಪ್ರಯಾಣಿಕರನ್ನೇ ಕರೆಸಿ ಸಾಕ್ಷಿ ಹೇಳಿಸ್ಬೇಕು ಅಂತೇನಿಲ್ಲ, ತನಿಖೆಯೋರ ಹೇಳಿಕೆಯಂಥ ಒಂದಿಷ್ಟು ಸಾಕ್ಷ್ಯ ಇದ್ರೆ ಸಾಕು ಅಂದಿತ್ತು. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಕಂಡಕ್ಟರುಗಳಿಗೆ ಚೆಕಿಂಗ್ ಅಂದ್ರೆ ಯಾಕೆ ಎದೆ ಹೊಡ್ಕೊಳ್ಳತ್ತೆ ಅನ್ನೋದು ಗೊತ್ತಾಗತ್ತೆ. ನಿಮ್ಮ ಕೈಗೆ ಟಿಕೆಟ್ ಕೊಟ್ಟು, ಇಳಿಯೋವರೆಗೂ ಇಟ್ಕೊಳ್ಳಿ ಅಂತ ಹೇಳೋದು ಅವರ ಕೆಲ್ಸದ ರಕ್ಷಣೆ.

ಚಿಲ್ರೆ ಸಮಸ್ಯೆ

ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಬರೋರೆಲ್ಲ ಹತ್ತು ರೂಪಾಯಿ ನೋಟು ಕೊಡ್ತಾರೆ, ದರ 75 ಪೈಸೆ. ಕಂಡಕ್ಟರ್ ಹತ್ರ ಇರೋದು ಮನೆಯಿಂದ ತಂದಿರೋ ನಾಲ್ಕು ಕಾಸು. ಆಗ ಬಳಕೆಯಲ್ಲಿದ್ದಿದ್ದು 5, 10, 20, 25, 50 ಪೈಸೆ ನಾಣ್ಯಗಳು. 25 ಪೈಸೆ ಮತ್ತೆ ಅದಕ್ಕಿಂತ ಕೆಳಗಿನವು ಅಧಿಕೃತವಾಗಿ ಚಲಾವಣೆ ನಿಂತಿದ್ದು 2011ರ ಜೂನ್ 30ಕ್ಕೆ, ಆದ್ರೆ ಸಣ್ಣ ಪೈಸೆಗಳು ಅದಕ್ಕೆಷ್ಟೋ ಮುಂಚೇನೇ ಕೈಗೆ ಸಿಗೋದು ನಿಂತುಹೋಗಿತ್ತು.

ಟಿಕೆಟ್ ಹಿಂದೆ ಬಾಕಿ ಎಷ್ಟು ಅಂತ ಬರೆದುಕೊಡೋ ಪದ್ಧತಿ ಬಂದಿದ್ದು ಹೀಗೆ. ಇಳಿಯುವಾಗ ಅದನ್ನ ತೋರ್ಸಿದ್ರೆ ಅಷ್ಟೊತ್ತಿಗೆ ಬೇರೆಯೋರಿಂದ ಬಂದ ಚಿಲ್ರೆ ಕೊಡ್ತಿದ್ವಿ. ಇಬ್ರಿಗೆ ಸೇರ್ಸಿ ಒಂದು ನೋಟು ಕೊಟ್ಟು ನೀವಿಬ್ರೂ ಇಳಿದ್ಮೇಲೆ ಹಂಚ್ಕೊಳ್ಳಿ ಅನ್ನೋದೂ ಇತ್ತು. ಜನ ಎಷ್ಟೋ ಸಲ ಮರೆತು ಇಳಿದ್ಬಿಡೋರು, ಆಗ ಆ ದುಡ್ಡು ಬ್ಯಾಗಲ್ಲಿ ಹೆಚ್ಚುವರಿಯಾಗಿ ಉಳಿಯೋದು, ಡಿಪೋಲಿ ದುಡ್ಡು ಕಟ್ಟುವಾಗ ಅದನ್ನೂ ಕಟ್ಬೇಕು. ಕಮ್ಮಿ ಬಿದ್ರೆ ಮಾತ್ರ ನಮ್ ಕೈಯಿಂದ ಹಾಕ್ಬೇಕು. ಕಂಡಕ್ಟರ್ ಚಿಲ್ರೆ ಕೊಡಲ್ಲ, ಇಟ್ಕೊಳ್ತಾರೆ ಅಂತ ಬಯ್ಯೋರಿಗೆ ಈ ಒಂದು ವಿಷ್ಯ ಗೊತ್ತಿರ್ಲಿ ಅಂತ ಹೇಳ್ತಿದೀನಿ, ಚಿಲ್ರೆ ಇಲ್ದೇ ಇದ್ದಾಗ ಅತಿ ಹೆಚ್ಚು ಒದ್ದಾಡ್ತಿದ್ದಿದ್ದು ನಾವೇ. ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನೋರ ಹತ್ರ, ಟೀ ಅಂಗಡಿಯೋರ ಹತ್ರ ನೋಟು ಕೊಟ್ಟು ಚಿಲ್ರೆ ಕೇಳ್ಕೊಂಡು ಬರೋದೇ ಒಂದು ಕೆಲ್ಸ ಆಗಿತ್ತು.

ಶಿಫ್ಟು ಮತ್ತೆ ನೈಟ್ ಹಾಲ್ಟು

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಪ್ರಕಾರ ಆಗ ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲ್ಸ ಇತ್ತು. ಆದ್ರೆ ಬಸ್ಸಿಗೆ ಜನ ಬೇಕಾಗೋದು ಬೆಳಿಗ್ಗೆ ಸಂಜೆ. ಅದಕ್ಕೇ ಸ್ಪ್ಲಿಟ್ ಡ್ಯೂಟಿ ಅಂತ ಒಂದು ಮಾಡಿದ್ರು, ಬೆಳಿಗ್ಗೆ ನಾಲ್ಕು ಗಂಟೆ, ಮಧ್ಯಾಹ್ನ ಬಿಡುವು, ಸಂಜೆ ಮತ್ತೆ ನಾಲ್ಕು ಗಂಟೆ. ಕಾಗದದ ಮೇಲೆ 8 ಗಂಟೆ ಆದ್ರೂ ಮನುಷ್ಯ ಮನೆ ಬಿಟ್ಟಿರೋದು ಹನ್ನೆರಡು ಗಂಟೆ. ಆ ಕಾಯ್ದೆನೂ, ಬಿಡುವು ಸೇರಿ ಡ್ಯೂಟಿ ಶುರುವಿನಿಂದ ಕೊನೆವರೆಗಿನ ಒಟ್ಟು ಹರವು 12 ಗಂಟೆ ಮೀರಬಾರ್ದು ಅಂತಿತ್ತು.

ಹಳ್ಳಿ ರೂಟುಗಳಲ್ಲಿ ಇದಕ್ಕಿಂತ ಬೇರೆ ತರದ್ದು ನೈಟ್ ಹಾಲ್ಟು. ರಾತ್ರಿ ಕೊನೇ ಬಸ್ಸು ಹಳ್ಳಿಗೆ ಹೋಗಿ ಅಲ್ಲೇ ನಿಲ್ಲತ್ತೆ, ಬೆಳಿಗ್ಗೆ ಮೊದ್ಲ ಬಸ್ಸಾಗಿ ಅಲ್ಲಿಂದಾನೇ ಹೊರಡತ್ತೆ. ಯಾಕೆ ಹೀಗೆ ಅಂದ್ರೆ, ಬಸ್ಸು ರಾತ್ರಿ ಖಾಲಿಯಾಗಿ ಡಿಪೋಗೆ ವಾಪಸ್ ಬಂದು ಬೆಳಗಿನ ಜಾವ ಮತ್ತೆ ಖಾಲಿಯಾಗಿ ಹಳ್ಳಿಗೆ ಹೋದ್ರೆ ಡೀಸೆಲ್ ಸುಮ್ನೆ ಹೋಗತ್ತೆ. ಕಿಲೋಮೀಟರಿಗೆ ಎಷ್ಟು ಕಲೆಕ್ಷನ್ ಬಂತು ಅನ್ನೋದನ್ನ ಇಪಿಕೆಎಂ ಅಂತ ಲೆಕ್ಕ ಹಾಕ್ತಾರೆ, ಖಾಲಿ ಓಡಿದಷ್ಟೂ ಅದು ಬೀಳತ್ತೆ. ಜೊತೆಗೆ ಮಾರ್ಕೆಟ್ಟಿಗೆ ಸೊಪ್ಪು ಹೂವು ತರೋರಿಗೆ ಕತ್ತಲಲ್ಲೇ ಬಸ್ಸು ಬೇಕು.

ನೈಟ್ ಹಾಲ್ಟಲ್ಲಿ ಲೆಕ್ಕದ ದೃಷ್ಟಿಯಿಂದ ಒಂದು ಕಷ್ಟ ಇತ್ತು. ಡಿಪೋ ದೂರ ಇರೋದ್ರಿಂದ ಆ ದಿನದ ಕಲೆಕ್ಷನ್ ಕಟ್ಟೋಕಾಗಲ್ಲ, ಇಡೀ ರಾತ್ರಿ ದುಡ್ಡು ಟಿಕೆಟ್ಟು ಎರಡೂ ಕಂಡಕ್ಟರ್ ಹತ್ರಾನೇ. ಟಿಕೆಟ್ ಬಂಡಲ್ ಕಳೆದ್ರೆ ಅದರಲ್ಲಿ ಉಳಿದಿರೋ ಟಿಕೆಟ್ಟುಗಳ ಪೂರ್ತಿ ಬೆಲೆ ಲೆಕ್ಕಕ್ಕೆ ಬರತ್ತೆ, ಹಾಗಾಗಿ ನೋಟಿಗಿಂತ ಟಿಕೆಟ್ ಬಾಕ್ಸಿನ ಚಿಂತೆ ಹೆಚ್ಚು. ಮಲಗ್ತಿದ್ದಿದ್ದು ಬಸ್ಸಲ್ಲೇ, ಲಾಂಗ್ ಸೀಟಲ್ಲಿ, ಚಳಿಗಾಲದಲ್ಲಿ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಇನ್ನೂ ಬೆಚ್ಚಗಿರೋವಾಗ ಅದರ ಮೇಲೆ ಜಮಖಾನ ಹಾಸ್ಕೊಂಡು. ಸೊಳ್ಳೆ ಕಾಟ ಹೇಳ್ತೀರದು. ಆದ್ರೆ ಆ ಹಳ್ಳಿಯೋರು, ಬೆಳಿಗ್ಗೆ ತಮ್ಮನ್ನ ಕರ್ಕೊಂಡು ಹೋಗೋರು ಇವರೇ ಅಂತ, ಒಂದು ಚೊಂಬು ಮಜ್ಜಿಗೆ, ಮುದ್ದೆ ಸಾರು ತಂದು ಕೊಡೋರು, ಹಬ್ಬದ ದಿನ ಡ್ಯೂಟಿ ಬಿದ್ರಂತೂ ಎರಡು ಮೂರು ಮನೆಯಿಂದ ಹೋಳಿಗೆ ಬರೋದು. ಯಾರ ಮನೇಲಿ ಮದ್ವೆ, ಯಾರ ಮಗ ಎಸ್ಸೆಸ್ಸೆಲ್ಸಿ ಪಾಸಾದ ಎಲ್ಲಾ ನಮಗೆ ಗೊತ್ತಿರ್ತಿತ್ತು. ಬೆಳಿಗ್ಗೆ ಯಾರಾದ್ರೂ ಒಬ್ರು ಬಂದಿಲ್ಲ ಅಂದ್ರೆ, ಅವರು ದಿನಾ ಹೋಗೋರು ತಡೀರಿ ಅಂತ ಡ್ರೈವರಿಗೆ ಹೇಳಿ ಒಂದು ನಿಮಿಷ ಕಾದಿದ್ದೂ ಇದೆ, ಫಾರ್ಮ್ ಫೋರಲ್ಲಿ ಅದಕ್ಕೆ ಜಾಗ ಇಲ್ದೇ ಇದ್ರೂ.

ದಿನದ ಕೊನೆ, ಮತ್ತೆ ಮೆಷಿನ್ ಬಂದಾಗ ಏನ್ ಬದಲಾಯ್ತು

ಡ್ಯೂಟಿ ಮುಗಿದ್ಮೇಲೆ ಡಿಪೋಲಿ ನೆಲದ ಮೇಲೆ ಕೂತು ನೋಟುಗಳನ್ನ ಬೇರೆ ಬೇರೆ ಮಾಡಿ ಕಟ್ಟು ಕಟ್ಟಿ, ನಾಣ್ಯ ಎಣಿಸಿ ಗುಡ್ಡೆ ಮಾಡಿ, ವೇ ಬಿಲ್ಲಲ್ಲಿ ಎಲ್ಲಾ ದರದ ಕ್ಲೋಸಿಂಗ್ ಹಾಕಿ ಕೂಡಿ, ಕ್ಯಾಷ್ ಕೌಂಟರ್ ಕ್ಯೂನಲ್ಲಿ ನಿಲ್ಬೇಕು. ಕೂಡೋದ್ರಲ್ಲಿ ಒಂದು ಅಂಕಿ ತಪ್ಪಿದ್ರೆ ಮತ್ತೆ ಮೊದ್ಲಿಂದ. ಬಸ್ಸು ಓಡ್ಸೋ ಕೆಲ್ಸ ಮುಗಿದ್ರೂ ಇದಕ್ಕೇ ಒಂದು ಗಂಟೆ ಹಿಡಿಯೋದು.

ಎಲೆಕ್ಟ್ರಾನಿಕ್ ಟಿಕೆಟ್ ಮೆಷಿನ್, ಇಟಿಎಂ, ಬಂದ ಮೇಲೆ ಹರಿಯೋದು, ಪಂಚ್ ಮಾಡೋದು, ನಂಬರ್ ಹಾಕೋದು, ಕೂಡೋದು ಎಲ್ಲಾ ಹೋಯ್ತು. ಎಲ್ಲಿಂದ ಎಲ್ಲಿಗೆ ಅಂತ ಒತ್ತಿದ್ರೆ ದರ ಅದೇ ಹಾಕ್ಕೊಳ್ಳತ್ತೆ, ಟೈಮು, ಸ್ಟೇಜು, ಟಿಕೆಟ್ ನಂಬರು ಎಲ್ಲಾ ಪ್ರಿಂಟ್ ಆಗತ್ತೆ. ಆದ್ರೆ ಒಳಗಿರೋ ಲೆಕ್ಕ ಹಳೇದೇ. ಪ್ರತಿ ಟಿಕೆಟ್ಟಿಗೆ ಈಗ್ಲೂ ಕ್ರಮವಾದ ನಂಬರ್ ಇದೆ, ಸ್ಟೇಜ್ ಇದೆ, ಮೆಷಿನ್ ಹೇಳೋ ಮೊತ್ತಕ್ಕೂ ಬ್ಯಾಗಿಗೂ ಈಗ್ಲೂ ತಾಳೆ ಆಗ್ಬೇಕು. ಸೊನ್ನೆ ಟಿಕೆಟ್ಟೂ ಅದೇ ಸಾಲಲ್ಲಿ ಒಂದು ನಂಬರ್ ತಗೊಳ್ಳತ್ತೆ, ಎಲ್ಲಿಂದ ಎಲ್ಲಿಗೆ ಅನ್ನೋದು ಅದರಲ್ಲೂ ಇರೋದ್ರಿಂದ ಆ ದೂರಕ್ಕೆ ದರ ಎಷ್ಟಾಗ್ತಿತ್ತು ಅಂತ ಲೆಕ್ಕ ಹಾಕೋಕಾಗತ್ತೆ.

2025ರ ಜನವರಿಯಲ್ಲಿ ದರ ಏರಿ ಸಾಮಾನ್ಯ ಬಸ್ಸಿನ ಕನಿಷ್ಠ ದರ 5 ರೂಪಾಯಿಂದ 6 ಆದಾಗ ಚಿಲ್ರೆ ಜಗಳ ಮತ್ತೆ ಶುರುವಾಯ್ತು, ಒಂದು ರೂಪಾಯಿ ನಾಣ್ಯ ಎಲ್ಲಿಂದ ತರೋದು ಅಂತ. ಈಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಟ್ಟೋರಿಗೆ ಆ ಕಷ್ಟ ಇಲ್ಲ, ನೆಟ್‌ವರ್ಕ್ ಇದ್ರೆ. ಮೆಷಿನ್ ಬ್ಯಾಟರಿ ಮಧ್ಯ ದಾರೀಲಿ ಕೈಕೊಟ್ರೆ ಏನ್ ಮಾಡ್ತೀಯಪ್ಪ ಅಂತ ಮೊನ್ನೆ ಒಬ್ಬ ಹುಡುಗ ಕಂಡಕ್ಟರನ್ನ ಕೇಳ್ದೆ. ಬ್ಯಾಗೊಳಗಿಂದ ಕಾಗದದ ಟಿಕೆಟ್ ಬಂಡಲ್ ತೆಗೆದು ತೋರ್ಸ್ದ. ಓಪನಿಂಗ್ ನಂಬರ್ ಬರ್ಕೊಂಡಿದೀಯಾ ಅಂದೆ. ಬರ್ಕೊಂಡಿದ್ದ.